ಕುರಿಯ ಹೊಟ್ಟೆಯ ಬಡ್ಡಿ ಸಾಹುಕಾರ

ಗದಗಿನ ಸಮೀಪದ ಕಣಗಿನಹಾಳವೆಂಬ ಹಳ್ಳಿಯ ಹೆಸರನ್ನು ಸಹಕಾರ ಚಳವಳಿಯ ಇತಿಹಾಸ ಬಲ್ಲವರೆಲ್ಲರೂ ಕೇಳಿರುತ್ತಾರೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದ ಮರುವರ್ಷವೇ, ಅಂದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಊರಿನಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಂಘವೊಂದನ್ನು ಕಟ್ಟಿದರು. ದೇಶದ ಮೊದಮೊದಲಿನ ಕೃಷಿ ಸಹಕಾರಿ ಸಂಘವೆಂಬ ಕೀರ್ತಿ ಈ ಪುಟ್ಟ ಊರಿಗೆ ಬಂದದ್ದು ಹಾಗೆ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಅಂದಿನ ಸಂಘಗಳ ಮೂಲೋದ್ದೇಶವಾಗಿತ್ತು. ಬಡ್ಡಿಯೆಂಬುದು ಮೆಲ್ಲನೆ ಹೀರುವ ವಸ್ತು. ಹೀರಿಸಿಕೊಳ್ಳುವವನಿಗೆ ಬಹುಕಾಲ ಅದರ ನೋವೇ ತಿಳಿಯದು. ತಿಳಿಯುವ ವೇಳೆಗೆ ಹೊಲ ಕೈಬಿಟ್ಟಿರುತ್ತದೆ.

ಆ ಊರಿನ ಸುತ್ತಲಿನ ಎರೆ ಭೂಮಿಯಲ್ಲಿ, ಹೆಸರು ಕಿತ್ತ ಹೊಲಗಳಲ್ಲಿ, ಜೋಳ ಕೊಯ್ದ ಕೂಳೆಗಳಲ್ಲಿ ಮೇಯುವ ಕುರಿಹಿಂಡುಗಳಿಗೆ ಇದಕ್ಕಿಂತಲೂ ಹಳೆಯನಾದ ಸಾಹುಕಾರನೊಬ್ಬನಿದ್ದಾನೆ. ಅವನಿಗೆ ಪತ್ರವೂ ಬೇಡ, ಸಾಕ್ಷಿಯೂ ಬೇಡ. ಕುರಿಯ ಹೊಟ್ಟೆಯೊಳಗೇ ಅವನ ಅಂಗಡಿ. ಪಶುವೈದ್ಯರು ಅವನಿಗಿಟ್ಟ ಹೆಸರು ಹೀಮಾಂಕಸ್ ಕಂಟಾರ್ಟಸ್. ಕುರಿಗಾರರ ಬಾಯಲ್ಲಿ ಅವನು ಬರಿಯ ‘ಜಂತು’.

ಪೇಟೆಯ ಮನೆಯಲ್ಲಿ ಕುಳಿತು ಪತ್ರಿಕೆ ಓದುವವರಿಗೆ ಕುರಿಯ ಹೊಟ್ಟೆಯ ಹುಳುವಿನ ಗೊಡವೆ ಏಕೆಂಬ ಪ್ರಶ್ನೆ ಏಳುವುದು ಸಹಜವೇ. ಹೊದೆಯುವ ಕಂಬಳಿ, ಭಾನುವಾರದ ಅಡಿಗೆ, ಇವೆರಡರ ಸಂಬಂಧವನ್ನು ಬದಿಗಿಟ್ಟರೂ ಇನ್ನೊಂದು ನಂಟು ಉಳಿಯುತ್ತದೆ. 2015ರಿಂದ ದೇಶದ ಶಾಲೆಗಳಲ್ಲಿ ಜಂತುನಿವಾರಣಾ ದಿನವೆಂದು ಮಕ್ಕಳಿಗೆ ಒಂದೊಂದು ಗುಳಿಗೆ ಅಗಿಯಲು ಕೊಡುತ್ತಿದ್ದಾರಷ್ಟೆ. ಆ ಗುಳಿಗೆಯ ಔಷಧ ಆಲ್ಬೆಂಡಜೋಲ್. ಅದು 1970ರ ದಶಕದಲ್ಲಿ ಮೊದಲು ಇಳಿದದ್ದು ಮಕ್ಕಳ ಗಂಟಲಿನಲ್ಲಲ್ಲ, ಕುರಿಗಳ ಗಂಟಲಿನಲ್ಲಿ. ಅಲ್ಲಿ ಗುಣ ಕಂಡ ಮೇಲೆಯೇ ಮನುಷ್ಯರಿಗೆ ಕೊಡಲು ಧೈರ್ಯ ಬಂದಿತು. ಕುರಿಯು ಮನುಷ್ಯನಿಗೆ ಮಾಡಿದ ಉಪಕಾರಗಳ ಪಟ್ಟಿಯಲ್ಲಿ ಇದನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಕರ್ನಾಟಕದಲ್ಲಿ ಕುರಿಗಳು ಅಲ್ಪಸಂಖ್ಯೆಯ ಪ್ರಾಣಿಗಳೇನೂ ಅಲ್ಲ. 2019ರ ಜಾನುವಾರು ಗಣತಿಯಲ್ಲಿ ಅವುಗಳ ಸಂಖ್ಯೆ ಸುಮಾರು 1 ಕೋಟಿ 10 ಲಕ್ಷ. ತೆಲಂಗಾಣ, ಆಂಧ್ರಗಳನ್ನು ಬಿಟ್ಟರೆ ಇಡೀ ದೇಶದಲ್ಲಿ ಮೂರನೆಯ ಸ್ಥಾನ. ಗದಗ, ಕೊಪ್ಪಳ, ಬಳ್ಳಾರಿಗಳ ಬಯಲಿನಲ್ಲಿ ದಖನಿ, ಬಳ್ಳಾರಿ ತಳಿಯ ಕುರಿಗಳು ಹೆಚ್ಚು. ಉಣ್ಣೆ ಒರಟು, ಮೈ ಗಟ್ಟಿ, ನಡಿಗೆ ದೀರ್ಘ. ಮಳೆ ಕೈಕೊಟ್ಟ ವರ್ಷದಲ್ಲಿ ಬೆಳೆ ಒಣಗಿದರೂ ಕುರಿ ನಡೆದು ಬೇರೆ ಸೀಮೆ ಸೇರಿ ಬದುಕುತ್ತದೆ. ಮಗಳ ಮದುವೆಗೆ, ಮಗನ ಓದಿಗೆ, ಆಸ್ಪತ್ರೆಯ ಖರ್ಚಿಗೆ ಹಿಂಡಿನಿಂದ ಒಂದೆರಡು ಟಗರು ಸಂತೆಗೆ ಹೋಗುವುದೆಂದರೆ ಬ್ಯಾಂಕಿನಿಂದ ಹಣ ತೆಗೆದಂತೆಯೇ. ಭೂಮಿಯಿಲ್ಲದ ಕುಟುಂಬದ ಹೆಣ್ಣುಮಗಳೊಬ್ಬಳ ಪಾಲಿಗೆ ಹಿತ್ತಲಿನಲ್ಲಿ ಕಟ್ಟಿದ ಎರಡು ಆಡುಗಳೇ ಸರ್ವಸ್ವವಾಗಿರುವುದುಂಟು. ಇಂಥ ಇಡುಗಂಟಿನೊಳಗೇ ಹುಳು ಹೊಕ್ಕು ಕುಳಿತಿದೆ.

ಕುರಿಗೆ ಜಠರಗಳು ನಾಲ್ಕು. ಹುಲ್ಲು ಮೊದಲ ಮೂರನ್ನು ಹಾಯ್ದು ನಾಲ್ಕನೆಯದಕ್ಕೆ ಬರುವಾಗ ಅಲ್ಲಿ ಈ ಹುಳುಗಳು ಗೋಡೆಗೆ ಬಾಯಿಟ್ಟು ಕಾದಿರುತ್ತವೆ. ಹೆಣ್ಣುಹುಳುವಿನ ಉದ್ದ ಎರಡರಿಂದ ಮೂರು ಸೆಂಟಿಮೀಟರು. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಹುರಿಯಂತೆ ಸುತ್ತಿಕೊಂಡಿರುವುದರಿಂದ ನೋಡುವವರಿಗೆ ಕೆಂಪು ಬಿಳಿ ದಾರ ಹೊಸೆದಂತೆ ತೋರುತ್ತದೆ. ಒಂದು ಹುಳು ದಿನವೊಂದಕ್ಕೆ ಹೀರುವ ರಕ್ತ ಸುಮಾರು 0.05 ಮಿಲಿಲೀಟರು, ಎಂದರೆ ಒಂದು ಹನಿ. ಒಂದು ಹನಿಯೆಂದರೆ ಯಾರಿಗೆ ಭಯ? ಆದರೆ ಸಾವಿರ ಹುಳು ಸೇರಿದರೆ ದಿನಕ್ಕೆ 50 ಮಿಲಿಲೀಟರು. ಮೂವತ್ತು ಕಿಲೋ ತೂಕದ ಕುರಿಯ ಮೈಯಲ್ಲಿರುವ ರಕ್ತವೇ ಎರಡು ಲೀಟರಿನ ಆಸುಪಾಸು. ನಲವತ್ತು ದಿನಗಳಲ್ಲಿ ಅಷ್ಟೂ ರಕ್ತಕ್ಕೆ ಸಮವಾದದ್ದು ಹುಳುಗಳ ಪಾಲಾದಂತಾಯಿತು. ಪ್ರಾಣಿ ಹೊಸ ರಕ್ತವನ್ನು ತಯಾರಿಸುತ್ತಲೇ ಇರುತ್ತದೆ, ನಿಜ. ಆದರೆ ಒಣ ಕೂಳೆ ಮೇದ ಹೊಟ್ಟೆಗೆ ಅದೆಷ್ಟು ದಿನ ಆ ಸಾಲ ತೀರಿಸುವ ಶಕ್ತಿಯಿದ್ದೀತು? ಹುಳುಗಳು ಸಾವಿರಕ್ಕೇ ನಿಲ್ಲುವುದೂ ಇಲ್ಲ. ಐದು ಸಾವಿರ ಹುಳು ತುಂಬಿದ ಮರಿ, ನಿನ್ನೆಯವರೆಗೂ ಮೇದಾಡುತ್ತಿದ್ದದ್ದು, ಒಂದು ಬೆಳಿಗ್ಗೆ ಏಳದೇ ಇರುವುದುಂಟು.

ಈ ರೋಗದಲ್ಲಿ ಮೋಸವಾಗುವುದು ಇಲ್ಲಿಯೇ. ಜಂತು ಎಂದರೆ ಭೇದಿಯಾಗಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಈ ಹುಳುವಿನಿಂದ ಭೇದಿಯಾಗುವುದು ಅಪರೂಪ. ಹಿಕ್ಕೆ ಗಟ್ಟಿಯಾಗಿಯೇ ಬೀಳುತ್ತದೆ, ಮೈ ಕೂಡ ಒಮ್ಮೆಗೇ ಇಳಿಯುವುದಿಲ್ಲ. ಕಣ್ಣಿನ ಒಳರೆಪ್ಪೆ ಮಾತ್ರ ಕೆಂಪು ಕಳೆದುಕೊಂಡು ಸುಣ್ಣದಂತಾಗುತ್ತದೆ. ರಕ್ತದಲ್ಲಿ ಪ್ರೋಟೀನು ಕಡಿಮೆಯಾಗಿ ಗದ್ದದ ಕೆಳಗೆ ನೀರಿನ ಚೀಲ ಜೋತುಬೀಳುತ್ತದೆ. ಹಗಲೆಲ್ಲ ತಲೆ ತಗ್ಗಿಸಿ ಮೇಯುವ ಪ್ರಾಣಿಯಾದ್ದರಿಂದ ಸಂಜೆ ಈ ಬಾವು ದೊಡ್ಡದಾಗಿಯೂ, ರಾತ್ರಿ ತಲೆಯೆತ್ತಿ ಮಲಗಿ ಎದ್ದ ಬೆಳಿಗ್ಗೆ ಚಿಕ್ಕದಾಗಿಯೂ ಕಾಣುತ್ತದೆ. ಬೆಳಿಗ್ಗೆ ಹಿಂಡು ನೋಡಿದ ಯಜಮಾನ ವಾಸಿಯಾಯಿತೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಕೆಲವು ಕುರಿಗಳ ಉಣ್ಣೆಯೂ ಬಲ ಕಳೆದುಕೊಂಡು ಎಳೆದರೆ ತುಂಡಾಗುತ್ತದೆ. ಅಂಥ ಎಳೆಯಿಂದ ನೂತ ನೂಲು ಮಗ್ಗದ ಮೇಲೆ ನಿಲ್ಲದು.

ಇನ್ನು ಬಡ್ಡಿಯ ಲೆಕ್ಕ. ಒಂದು ಹೆಣ್ಣುಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆಗಳನ್ನಿಡುತ್ತದೆ. ಐದು ಸಾವಿರವೆಂದೇ ಹಿಡಿದರೂ ಐನೂರು ಹೆಣ್ಣುಹುಳುಗಳಿರುವ ಒಂದು ಕುರಿಯಿಂದ ಪ್ರತಿದಿನ 25 ಲಕ್ಷ ಮೊಟ್ಟೆಗಳು ಹಿಕ್ಕೆಯ ಜೊತೆಗೆ ನೆಲ ಸೇರುತ್ತವೆ. ಅಂಥ ಐವತ್ತು ಕುರಿಗಳಿದ್ದರೆ ಪ್ರತಿದಿನ ಹನ್ನೆರಡೂವರೆ ಕೋಟಿ! ಇವುಗಳಲ್ಲಿ ಬಹುಪಾಲು ಬಿಸಿಲಿಗೆ ಸಿಕ್ಕಿ ಸುಟ್ಟುಹೋಗುತ್ತವೆ. ಇಲ್ಲದಿದ್ದರೆ ಭೂಮಿಯ ಮೇಲೆ ಕುರಿಯೆಂಬ ಪ್ರಾಣಿ ಉಳಿಯುತ್ತಿರಲಿಲ್ಲ. ಆದರೆ ಮುಂಗಾರು ಬಿದ್ದು ಎರೆ ನೆಲ ನೀರು ಹಿಡಿದು, ಬದುವಿನಲ್ಲಿ ಹಸಿರು ಮೂಡಿದ ಮೇಲೆ ಕತೆ ಬೇರೆ. ಬೆಚ್ಚನೆಯ ತೇವದಲ್ಲಿ ನಾಲ್ಕರಿಂದ ಏಳು ದಿನಗಳೊಳಗೆ ಮೊಟ್ಟೆಯೊಡೆದ ಮರಿಹುಳು ಎರಡು ಸಲ ಪೊರೆ ಕಳಚಿ ಸೋಂಕು ತಗುಲಿಸುವ ಸ್ಥಿತಿಗೆ ಬರುತ್ತದೆ. ಆ ಬಳಿಕ ಅದು ಇಬ್ಬನಿಯ ತೆಳುನೀರಿನಲ್ಲಿ ಈಜುತ್ತ ಹುಲ್ಲಿನೆಸಳನ್ನು ಏರುತ್ತದೆ. ಕುರಿ ಆ ಹುಲ್ಲನ್ನು ಕಚ್ಚಿತೆಂದರೆ ಮೂರು ವಾರಗಳಲ್ಲಿ ಹೊಸ ಹುಳು ಬೆಳೆದು ತಾನೂ ಮೊಟ್ಟೆಯಿಡತೊಡಗುತ್ತದೆ. ಚಕ್ರಬಡ್ಡಿಯೆಂದರೆ ಇದು.

ಇಬ್ಬನಿ ಆರುವ ತನಕ ಹಿಂಡನ್ನು ಬಿಡಬಾರದೆಂಬ ಹಳೆಯ ಕುರಿಗಾರರ ಕಟ್ಟಳೆಯಲ್ಲಿ ತಥ್ಯವಿತ್ತೆಂಬುದು ಇದರಿಂದ ಗೊತ್ತಾಗುತ್ತದೆ. ಸೂಕ್ಷ್ಮದರ್ಶಕವನ್ನು ಕಾಣದವರು ಕಂಡುಕೊಂಡ ಸತ್ಯ ಅದು. ಮರಿಹುಳುಗಳಲ್ಲಿ ಬಹುಭಾಗ ನೆಲದಿಂದ ಎರಡಂಗುಲದ ಎತ್ತರದೊಳಗೇ ಇರುವುದರಿಂದ ಬುಡದ ತನಕ ಮೇಯಿಸಿದ ಕಾವಲೇ ಹೆಚ್ಚು ಅಪಾಯಕಾರಿ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ಜನ ಆಡಿನ ಚಪಲಕ್ಕೆ ಅನ್ವಯಿಸಿ ನಗುತ್ತಾರೆ. ವಾಸ್ತವವಾಗಿ ಹಿಂಗಾಲ ಮೇಲೆ ನಿಂತು ಜಾಲಿಯ ಚಿಗುರನ್ನೂ ಬಾರಿಯ ಸೊಪ್ಪನ್ನೂ ತಿನ್ನುವ ಆಡು, ಹುಳು ಏರಲಾರದ ಎತ್ತರದಲ್ಲಿ ಊಟ ಮಾಡುವ ಜಾಣ. ಹಾಗೆ ಬದುಕಿ ಬಂದದ್ದರಿಂದಲೇ ಅದರ ಮೈಗೆ ಹುಳುವನ್ನು ಎದುರಿಸುವ ಅಭ್ಯಾಸ ಕಡಿಮೆ. ಗಿಡಗಂಟಿ ಕಡಿದು ಬಯಲಾದ ಊರಿನಲ್ಲಿ ಆಡನ್ನು ಕುರಿಯೊಡನೆ ಹುಲ್ಲು ಮೇಯಲು ಅಟ್ಟಿದರೆ ಕುರಿಗಿಂತ ಮೊದಲು ಅದೇ ನೆಲ ಹಿಡಿಯುತ್ತದೆ.

ಬೇಸಿಗೆ ಬಂದರೆ ಹುಳುಗಳ ಪೀಡೆ ತಾನಾಗಿಯೇ ನಿಲ್ಲುತ್ತದೆಂದು ತಿಳಿಯುವವರಿದ್ದಾರೆ. ಹೊರಗಿನ ಬಿಸಿಲಿಗೆ ಮೊಟ್ಟೆ ಸತ್ತರೂ ಒಳಗೆ ಹೊಕ್ಕ ಮರಿಹುಳುಗಳಲ್ಲಿ ಕೆಲವು ಜಠರದ ಗೋಡೆಯೊಳಗೆ ಅವಿತು, ಬೆಳೆಯದೆ, ಸುಮ್ಮನೆ ತಿಂಗಳುಗಟ್ಟಲೆ ಕಾಲ ಕಳೆಯುತ್ತವೆ. ಮುಂದಿನ ಮಳೆಯ ಹೊತ್ತಿಗೆ ಎಚ್ಚತ್ತು ಬೆಳೆಯತೊಡಗುತ್ತವೆ. ಇನ್ನೊಂದು ವಿಚಿತ್ರ: ಮರಿ ಹಾಕುವ ಕಾಲಕ್ಕೆ ತಾಯಿಕುರಿಯ ರೋಗನಿರೋಧಕ ಶಕ್ತಿ ಕುಗ್ಗಿ ಹುಳುಗಳ ಮೊಟ್ಟೆ ಒಮ್ಮೆಗೇ ಏರುತ್ತದೆ. ಹೊಸದಾಗಿ ಹುಟ್ಟಿದ ಮರಿ ಹುಲ್ಲು ಕಚ್ಚಲು ಕಲಿಯುವ ಹೊತ್ತಿಗೆ ತಾಯಿಯೇ ಆ ಹುಲ್ಲಿಗೆ ವಿಷ ಸುರಿದಿರುತ್ತಾಳೆ, ತನಗರಿವಿಲ್ಲದೆ.

ಎಲ್ಲ ಪರೋಪಜೀವಿಗಳೂ ಇದೇ ದಾರಿಯಲ್ಲಿ ಬರುವುದಿಲ್ಲ. ಯಕೃತ್ತಿನ ಚಪ್ಪಟೆ ಹುಳುವಿಗೆ ನೀರೂ ಬೇಕು, ನೀರಿನ ಬಸವನಹುಳುವೂ ಬೇಕು. ಮೊಟ್ಟೆಯಿಂದ ಹೊರಟ ಮರಿ ಬಸವನಹುಳುವಿನ ದೇಹ ಹೊಕ್ಕು ಅಲ್ಲಿ ಒಂದು ನೂರಾರಾಗಿ, ಹೊರಬಂದು ಕೆರೆಯಂಚಿನ ಹುಲ್ಲಿಗೆ ಗಂಟುಕಟ್ಟಿ ಕುಳಿತುಕೊಳ್ಳುತ್ತದೆ. ಹುಲ್ಲು ತಿಂದ ಕುರಿಯ ಯಕೃತ್ತನ್ನು ಅದು ಸುರಂಗ ತೋಡಿದಂತೆ ಕೊರೆಯುತ್ತದೆ. ಈ ಹುಳುವನ್ನು ಕುರಿಯ ಯಕೃತ್ತಿನಲ್ಲಿ ಕಂಡು 1379ರಲ್ಲಿಯೇ ಬರೆದಿಟ್ಟವನು ಫ್ರಾನ್ಸಿನ ಝಾನ್ ದ ಬ್ರೀ. ಅವನು ವಿದ್ವಾಂಸನಲ್ಲ, ಕುರಿ ಕಾಯ್ದು ಬೆಳೆದವನು. ಆಮೇಲೆ ಐನೂರು ವರ್ಷ ಕಳೆದರೂ ಅದು ಎಲ್ಲಿಂದ ಬರುತ್ತದೆಂಬುದು ಯಾರಿಗೂ ತಿಳಿಯಲಿಲ್ಲ. 1879-80ರ ಮಳೆಗಾಲಗಳಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 30 ಲಕ್ಷ ಕುರಿಗಳು ಈ ರೋಗಕ್ಕೆ ಬಲಿಯಾದ ಮೇಲೆ ಆಕ್ಸ್‌ಫರ್ಡಿನ ಥಾಮಸ್, ಲೈಪ್‌ಸಿಗ್ಗಿನ ಲ್ಯೂಕಾರ್ಟ್, ಇಬ್ಬರೂ ಬೇರೆ ಬೇರೆಯಾಗಿ 1880ರ ದಶಕದ ಆರಂಭದಲ್ಲಿ ಬಸವನಹುಳುವಿನ ಗುಟ್ಟನ್ನು ಬಯಲು ಮಾಡಿದರು. ಗದಗಿನ ಒಣಬಯಲಿನಲ್ಲಿ ಇದರ ಕಾಟ ಕಡಿಮೆಯಿದ್ದೀತು. ಆದರೆ ಹಿಂಡುಗಳು ಮೇವು ಅರಸಿ ಮಲಪ್ರಭೆಯ ಕಾಲುವೆಗಳ ಕಡೆಗೂ ತುಂಗಭದ್ರೆಯ ಗದ್ದೆಗಳ ಕಡೆಗೂ ಇಳಿಯುತ್ತವೆ. ಬೇಸಿಗೆಯಲ್ಲಿ ಕಾಲುವೆಯಂಚಿನ ಹಸಿರು ಯಾವ ಕುರಿಗಾರನನ್ನು ತಾನೆ ಕರೆಯದಿದ್ದೀತು?

ಲಾಡಿಹುಳುವಿನ ಕತೆಯಲ್ಲಿ ನಾಯಿ ಸೇರುತ್ತದೆ. ಹಿಂಡಿನ ಕೆಲವು ಕುರಿಗಳು ತಲೆಯನ್ನು ಒಂದು ಕಡೆಗೆ ವಾಲಿಸಿ ಒಂದೇ ಸುತ್ತು ತಿರುಗುತ್ತಿರುವುದನ್ನು ಕುರಿಗಾರರು ಬಲ್ಲರು. ಗಾಳಿ ಸೋಕಿತು, ದೃಷ್ಟಿಯಾಯಿತು ಎಂದು ಹರಕೆ ಹೊರುವುದುಂಟು. ಆ ಕುರಿಯ ಮಿದುಳಿನಲ್ಲಿ ನೀರು ತುಂಬಿದ ಗುಳ್ಳೆಯೊಂದು ಬೆಳೆಯುತ್ತಿರುತ್ತದೆ. ಅದು ನಾಯಿಯ ಕರುಳಿನ ಲಾಡಿಹುಳುವಿನ ಮರಿ. ನಾಯಿಯ ಮಲದೊಡನೆ ಹುಲ್ಲಿಗೆ ಬಿದ್ದ ಮೊಟ್ಟೆ ಕುರಿಯ ಹೊಟ್ಟೆ ಸೇರಿ ರಕ್ತದ ಮೂಲಕ ಮಿದುಳಿಗೆ ಏರಿರುತ್ತದೆ. ಅಂಥ ಕುರಿ ಸತ್ತಾಗ ಅದರ ತಲೆಯನ್ನು ನಾಯಿಗೆ ಎಸೆದರೆ ಚಕ್ರ ಪೂರ್ಣವಾಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯ ವೈದ್ಯ ಕ್ಯೂಷನ್‌ಮೈಸ್ಟರ್ ಗುಳ್ಳೆಯನ್ನು ನಾಯಿಗೂ, ಲಾಡಿಯ ತುಂಡನ್ನು ಕುರಿಮರಿಗೂ ತಿನ್ನಿಸಿ ಇದನ್ನು ಸಿದ್ಧಪಡಿಸಿ ತೋರಿಸಿದನು. ತಲೆಬುರುಡೆ ಮೆತ್ತಗಾದ ಜಾಗವನ್ನು ಬೆರಳಿನಿಂದ ಗುರುತಿಸಿ, ಕೊರೆದು, ಗುಳ್ಳೆಯನ್ನು ಹೊರತೆಗೆದು ಕುರಿಯನ್ನು ಉಳಿಸುವ ಶಸ್ತ್ರಚಿಕಿತ್ಸೆ ಇಂದು ಪಶುವೈದ್ಯಾಲಯಗಳಲ್ಲಿ ನಡೆಯುತ್ತದೆ. ಅದಕ್ಕಿಂತ ಸುಲಭವಾದದ್ದು ಸತ್ತ ಕುರಿಯ ತಲೆಯನ್ನು ಸುಡುವುದು, ಇಲ್ಲವೇ ಆಳವಾಗಿ ಹೂಳುವುದು.

ಇದೇ ಕುಲದ ಮತ್ತೊಂದು ಹುಳು ಮನುಷ್ಯನನ್ನೂ ಬಿಡದು. ಕುರಿಯ ಶ್ವಾಸಕೋಶ, ಯಕೃತ್ತುಗಳಲ್ಲಿ ನೀರುಗುಳ್ಳೆಯಾಗಿರುವ ಅದನ್ನು ತಿಂದ ನಾಯಿಯ ಮೈ ಮುಟ್ಟಿ ಕೈ ತೊಳೆಯದ ಮಗುವಿನ ಯಕೃತ್ತಿನಲ್ಲಿಯೂ ಗುಳ್ಳೆಯೇಳಬಹುದು. ಬೇಯಿಸಿದ ಮಾಂಸದಿಂದ ಈ ರೋಗ ಬಾರದು. ನಾಯಿಯಿಂದ, ತೊಳೆಯದ ಸೊಪ್ಪಿನಿಂದ ಬರುತ್ತದೆ. ಕಸಾಯಿಖಾನೆಯ ಹಿಂದೆ ಹಸಿ ಕರುಳಿಗೆ ಕಚ್ಚಾಡುವ ಬೀದಿನಾಯಿಗಳನ್ನು ನೋಡಿ ಮೂಗು ಮುಚ್ಚಿ ಮುಂದೆ ಹೋಗುವ ನಾಗರಿಕರಿಗೆ ಈ ಸಂಗತಿ ತಿಳಿದಿರುವುದು ಲೇಸು. ಐಸ್‌ಲೆಂಡೆಂಬ ಹಿಮದ ನಾಡಿನಲ್ಲಿ ಒಂದು ಕಾಲಕ್ಕೆ ಈ ರೋಗ ಮನೆಮನೆಯಲ್ಲೂ ಇತ್ತು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಪಶುವೈದ್ಯ ಹರಾಲ್ಡ್ ಕ್ರಾಬೆ ಪರೀಕ್ಷಿಸಿದ ನಾಯಿಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ನಾಯಿಗಳಿಗೆ ಹುಳು ಹತ್ತಿತ್ತು. ಅವನು ಸರಳ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕ ಬರೆದನು. ಅದನ್ನು ಮನೆಮನೆಗೂ ಪುಕ್ಕಟೆಯಾಗಿ ಹಂಚಲಾಯಿತು. ದೀರ್ಘ ಚಳಿಗಾಲದ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಕುಳಿತು ಓದುವ ಪದ್ಧತಿ ಆ ದೇಶದಲ್ಲಿತ್ತು. ನಾಯಿಗೆ ಹಸಿ ಕರುಳು ಹಾಕುವುದು ನಿಂತಿತು, ಕಾನೂನೂ ಬಂದಿತು, ಕಾಲಕ್ರಮದಲ್ಲಿ ರೋಗವೇ ಆ ದ್ವೀಪವನ್ನು ಬಿಟ್ಟು ಹೋಯಿತು.

ಹೊರಮೈಯ ಶತ್ರುಗಳ ಮಾತು ಬಂದಾಗ ಕನ್ನಡವೇ ಒಂದು ಚೋದ್ಯವನ್ನು ಒದಗಿಸುತ್ತದೆ. ಕುರಿಯ ಮೈಯ ಕೂದಲಿಗೂ ಉಣ್ಣೆ, ಅದೇ ಮೈಗೆ ಕಚ್ಚಿ ರಕ್ತ ಕುಡಿಯುವ ಕೀಟಕ್ಕೂ ಉಣ್ಣೆ! ಉತ್ತರದ ಜಿಲ್ಲೆಗಳವರು ಎರಡನೆಯದನ್ನು ಉಣುಗು ಎಂದು ಕರೆದು ಗೊಂದಲದಿಂದ ಪಾರಾಗಿದ್ದಾರೆ. ಹಾಲಿನ ಕೆಚ್ಚಲಿಗೆ ಅಂಟಿಕೊಂಡೂ ರಕ್ತವನ್ನೇ ಬಯಸುವ ಈ ಜೀವಿ ವಚನಕಾರರ ಕಣ್ಣಿಗೂ ಬಿದ್ದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತುರುಕಿ ಗುಂಪಾಗಿ ನಿಲ್ಲುವುದನ್ನು ಕಂಡು ಅವುಗಳ ದಡ್ಡತನಕ್ಕೆ ಪೇಟೆಯವರು ನಗುತ್ತಾರೆ. ನೆರಳಿಗಾಗಿ ನಿಲ್ಲುವುದೂ ಉಂಟು. ಆದರೆ ಅನೇಕ ಸಲ ಅಲ್ಲಿ ಒಂದು ನೊಣ ಸುಳಿಯುತ್ತಿರುತ್ತದೆ. ಅದು ಮೊಟ್ಟೆಯಿಡುವುದಿಲ್ಲ, ಜೀವಂತ ಮರಿಗಳನ್ನೇ ಕುರಿಯ ಮೂಗಿನ ಹೊಳ್ಳೆಗೆ ಚಿಮ್ಮಿ ಹೋಗುತ್ತದೆ. ಆ ಮರಿಗಳು ಮೂಗಿನೊಳಗೆ ಬೆಳೆದು, ತಿಂಗಳುಗಟ್ಟಲೆ ಕುರಿಯನ್ನು ಸೀನಿಸಿ, ಕೊನೆಗೆ ಒಂದು ಸೀನಿನೊಡನೆಯೇ ಹೊರಬೀಳುತ್ತವೆ. ಮೂಗನ್ನು ಗೆಳತಿಯ ಉಣ್ಣೆಯಲ್ಲಿ ಹುದುಗಿಸಿಕೊಳ್ಳುವ ಕುರಿ ದಡ್ಡನಲ್ಲ.

ಇಷ್ಟೆಲ್ಲ ಶತ್ರುಗಳ ನಡುವೆ ಔಷಧದ ಚರಿತ್ರೆ ಬಹಳ ಉದ್ದವಾದದ್ದೇನೂ ಅಲ್ಲ. ಮೊದಲು ಜಗತ್ತಿನ ಅನೇಕ ಕಡೆಗಳಲ್ಲಿ ಮೈಲುತುತ್ತದ ನೀರನ್ನೂ ತಂಬಾಕಿನ ರಸವನ್ನೂ ಕುಡಿಸುತ್ತಿದ್ದರು. ತಾಮ್ರವು ಕುರಿಗೆ ಬಲುಬೇಗ ವಿಷವಾಗುವ ಲೋಹ. ಹುಳುವಿನೊಡನೆ ಕುರಿಯೂ ಹೋಗುತ್ತಿದ್ದದ್ದು ಆಶ್ಚರ್ಯವಲ್ಲ. 1961ರಲ್ಲಿ ಥಯಾಬೆಂಡಜೋಲ್ ಎಂಬ ಹೊಸ ಔಷಧ ಬಂದಾಗ ಹುಳುವಿನ ಯುಗ ಮುಗಿಯಿತೆಂದೇ ಎಲ್ಲರೂ ಭಾವಿಸಿದರು. 1964ರಲ್ಲಿ, ಎಂದರೆ ಮೂರೇ ವರ್ಷಗಳಲ್ಲಿ, ಅಮೆರಿಕದಿಂದ ಆ ಔಷಧಕ್ಕೆ ಜಗ್ಗದ ಹುಳುಗಳ ಸುದ್ದಿ ಬಂದಿತು. ಜಪಾನಿನ ಗಾಲ್ಫ್ ಮೈದಾನವೊಂದರ ಬಳಿಯ ಮಣ್ಣಿನಲ್ಲಿ ಸತೋಶಿ ಓಮುರಾ ಹೆಕ್ಕಿದ ಸೂಕ್ಷ್ಮಜೀವಿಯಿಂದ ಐವರ್‌ಮೆಕ್ಟಿನ್ ಹುಟ್ಟಿ 1981ರಲ್ಲಿ ಮಾರಾಟಕ್ಕೆ ಬಂದಿತು. 2015ರ ನೊಬೆಲ್ ಪಾರಿತೋಷಕದಲ್ಲಿ ಓಮುರಾ ಅವರಿಗೂ ವಿಲಿಯಂ ಕ್ಯಾಂಬೆಲ್ ಅವರಿಗೂ ಪಾಲು ದೊರೆಯಿತು. ಆ ಔಷಧವನ್ನೂ ಹುಳುಗಳು ಅನೇಕ ದೇಶಗಳಲ್ಲಿ ಅರಗಿಸಿಕೊಂಡಿವೆ.

ಇದಕ್ಕೆ ಹುಳುವಿನ ಜಾಣತನವನ್ನು ದೂರಿ ಫಲವಿಲ್ಲ. ಒಂದು ಹಿಂಡಿಗೆ ಔಷಧ ಕುಡಿಸಿದಾಗ ನೂರರಲ್ಲಿ ತೊಂಬತ್ತೊಂಬತ್ತು ಹುಳು ಸತ್ತು, ಹುಟ್ಟಿನಿಂದಲೇ ಔಷಧ ತಾಳುವ ಶಕ್ತಿಯಿದ್ದ ಒಂದು ಉಳಿಯುತ್ತದೆ. ಇಡೀ ಹೊಲ ಆ ಒಂದರ ಸಂತಾನಕ್ಕೆ ಬಿಟ್ಟುಕೊಟ್ಟಂತಾಗುತ್ತದೆ. ವರ್ಷ ವರ್ಷವೂ ಅದೇ ಬಾಟಲಿ, ಅದೂ ಅಂದಾಜಿನ ಅರ್ಧ ಪ್ರಮಾಣದಲ್ಲಿ, ಗೊಟ್ಟದಿಂದಲೋ ಪಿಚಕಾರಿಯಿಂದಲೋ ಕುಡಿಸುತ್ತ ಹೋದರೆ ಬಲಿಷ್ಠ ಹುಳುಗಳನ್ನು ಆರಿಸಿ ಸಾಕಿದಂತೆಯೇ ಸರಿ. ಆಡಿನ ವಿಷಯದಲ್ಲಂತೂ ಈ ತಪ್ಪು ಸರ್ವೇಸಾಮಾನ್ಯ. ಆಡಿನ ದೇಹ ಔಷಧವನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುವುದರಿಂದ ಅನೇಕ ಔಷಧಗಳನ್ನು ಅದಕ್ಕೆ ಒಂದೂವರೆಯಿಂದ ಎರಡು ಪಾಲಿನಷ್ಟು, ವೈದ್ಯರು ಹೇಳಿದಂತೆ, ಕೊಡಬೇಕಾಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕುಡಿಸಿದರೆ ಅಂಗವಿಕಲ ಮರಿಗಳು ಹುಟ್ಟುವ ಭಯವಿದೆ. ಔಷಧದಂಗಡಿಯ ಗಲ್ಲೆಯ ಮೇಲೆ ಇವನ್ನೆಲ್ಲ ಯಾರು ಹೇಳುತ್ತಾರೆ?

ದಕ್ಷಿಣ ಆಫ್ರಿಕದಲ್ಲಿ ಫಾಫಾ ಮಲಾನ್ ಎಂಬ ಪಶುವೈದ್ಯನ ಹೆಸರಿನಿಂದ ‘ಫಮಾಚ’ ಎಂಬ ಪದ್ಧತಿ 1990ರ ದಶಕದಲ್ಲಿ ಬಳಕೆಗೆ ಬಂದಿತು. ಅದರ ಸಲಕರಣೆ ಒಂದು ಚೀಟಿ ಮಾತ್ರ. ಅದರ ಮೇಲೆ ಕಡುಗೆಂಪಿನಿಂದ ಬಿಳಿಯವರೆಗೆ ಐದು ಬಣ್ಣಗಳಿವೆ. ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಜಗ್ಗಿ, ಒಳಗಿನ ಬಣ್ಣವನ್ನು ಹಗಲ ಬೆಳಕಿನಲ್ಲಿ ಚೀಟಿಯೊಡನೆ ಹೋಲಿಸಬೇಕು. ನಾಲ್ಕನೆಯ, ಐದನೆಯ ಬಣ್ಣದವುಗಳಿಗೆ ಔಷಧ ಖಂಡಿತ. ಮೊದಲೆರಡು ಬಣ್ಣದವುಗಳಿಗೆ ಬೇಡ. ನಡುವಿನದರ ಬಗ್ಗೆ ಹಿಂಡಿನ ಸ್ಥಿತಿ ನೋಡಿ ನಿರ್ಧಾರ. ಎಲ್ಲಕ್ಕೂ ಔಷಧ ಕೊಡದೆ ಬಿಡುವುದೇಕೆಂದು ಯಾರಿಗಾದರೂ ಅನ್ನಿಸದಿರದು. ಹಿಂಡಿನ ಕೆಲವೇ ಕುರಿಗಳು ಬಹುಪಾಲು ಹುಳುಗಳನ್ನು ಹೊತ್ತಿರುತ್ತವೆ. ಅವುಗಳಿಗಷ್ಟೇ ಔಷಧ ಕೊಟ್ಟರೆ ಉಳಿದವುಗಳ ಹೊಟ್ಟೆಯಲ್ಲಿ ಔಷಧಕ್ಕೆ ಸಾಯುವ ಸಾಧು ಹುಳುಗಳು ಬದುಕುಳಿದು, ಹೊಲದಲ್ಲಿ ಬಲಿಷ್ಠ ಹುಳುಗಳೊಡನೆ ಬೆರೆತು, ಅವುಗಳ ಸಂತತಿಯ ಬಲವನ್ನು ಕುಗ್ಗಿಸುತ್ತವೆ. ಶತ್ರುವನ್ನು ನಿರ್ನಾಮ ಮಾಡದೆ ಅವನಲ್ಲಿಯೇ ದುರ್ಬಲರನ್ನು ಉಳಿಸಿಕೊಳ್ಳುವ ಈ ನೀತಿಯನ್ನು ಚಾಣಕ್ಯನೂ ಮೆಚ್ಚುತ್ತಿದ್ದನೇನೋ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ಕಣ್ಣು ನೋಡಬೇಕೆಂಬುದು ನಿಯಮ. ಐದನೆಯ ಬಣ್ಣ ನಾಳೆಗಾಗಿ ಕಾಯುವುದಿಲ್ಲ. ರಕ್ತ ಹೀರುವ ಹುಳುವಿಗೆ ಮಾತ್ರ ಈ ಪರೀಕ್ಷೆ ಹೆಚ್ಚು ಒಪ್ಪುತ್ತದೆ, ಬೇರೆ ಜಂತುಗಳಿಗಲ್ಲ.

ಬೇರೆ ದಾರಿಗಳೂ ಇವೆ. ಆಸ್ಟ್ರೇಲಿಯದಲ್ಲಿ 2014ರಿಂದ ಈ ಹುಳುವಿಗೆ ಲಸಿಕೆಯೊಂದು ಮಾರಾಟದಲ್ಲಿದೆ. ಸುಂದರಬನದ ಕೆಸರಿನಲ್ಲಿ ಬೆಳೆದ ಬಂಗಾಳದ ಪುಟ್ಟ ಗರೋಲ್ ಕುರಿಗೆ ಹುಳುವನ್ನು ತಾಳುವ ಶಕ್ತಿ ಹುಟ್ಟಿನಿಂದಲೇ ಇದೆ. ಮಹಾರಾಷ್ಟ್ರದ ಫಲಟಣದ ನಿಂಬಕರ್ ಸಂಶೋಧನಾ ಸಂಸ್ಥೆಯವರು ಅದನ್ನು ದಖನಿ ಕುರಿಯೊಡನೆ ಕೂಡಿಸಿ ಪ್ರಯೋಗ ನಡೆಸಿದ್ದಾರೆ. ಒಳ್ಳೆಯ ಮೇವು ತಿಂದ ಕುರಿ, ಅದರಲ್ಲೂ ಹಿಂಡಿಯಂಥ ಪ್ರೋಟೀನು ಪಡೆದದ್ದು, ಅಷ್ಟೇ ಹುಳುಗಳಿದ್ದರೂ ನಿಂತು ಕಾದಾಡುತ್ತದೆ. ಆದರೆ ಹಿಂಡಿಗೆ ಹಣವೆಲ್ಲಿ ಎಂಬಲ್ಲಿಗೆ ಮಾತು ಮತ್ತೆ ಸಾಲದ ಬಾಗಿಲಿಗೇ ಬರುತ್ತದೆ.

ಕಣಗಿನಹಾಳದ ಸಂಘ ಹುಟ್ಟಿದ ಕಾಲದ ಕಾಯಿದೆಯಲ್ಲಿ ಒಂದು ಕಠಿಣವಾದ ವಿಧಿಯಿತ್ತು. ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ತೀರಿಸದ ಸಾಲಕ್ಕೆ ಉಳಿದವರೆಲ್ಲರೂ ತಮ್ಮ ಆಸ್ತಿಯಿಂದ ಹೊಣೆ. ಜರ್ಮನಿಯ ರೈಫೈಸನ್ ಹಾಕಿಕೊಟ್ಟ ಪದ್ಧತಿ ಅದು. ನೆರೆಯವನ ನಡತೆಯ ಮೇಲೆ ಕಣ್ಣಿಡಲಿ ಎಂಬುದು ಅದರ ಉದ್ದೇಶ. ಊರ ಗೋಮಾಳದಲ್ಲಿ ಮೇಯುವ ಹಿಂಡುಗಳ ಒಡೆಯರು ಇಂಥ ಯಾವ ಕಾಗದಕ್ಕೂ ರುಜು ಹಾಕಿಲ್ಲ. ಆದರೂ ಅವರ ಹೊಣೆ ಅಮಿತವಾದದ್ದೇ. ಒಬ್ಬನು ಲೆಕ್ಕವಿಟ್ಟು ಔಷಧ ಕುಡಿಸಿ ಹಿಂಡನ್ನು ಚೊಕ್ಕಟವಾಗಿಟ್ಟುಕೊಂಡರೂ ಹಿಂದಿನ ದಿನ ಅದೇ ಬದುವಿನಲ್ಲಿ ಮೇದು ಹೋದ ಇನ್ನೊಬ್ಬನ ಹಿಂಡಿನ ಮೊಟ್ಟೆಗಳು ಅವನ ಮರಿಗಳ ಬಾಯಿಗೆ ಬರುತ್ತವೆ. ಗೊಬ್ಬರಕ್ಕೆಂದು ರೈತರು ಹೊಲದಲ್ಲಿ ಹಿಂಡು ನಿಲ್ಲಿಸಿಕೊಳ್ಳುವ ಪದ್ಧತಿಯಿದೆ. ಕಾಳು, ಹಣ ಕೊಟ್ಟು ಕರೆಸಿದ ಹಿಂಡು ಹಿಕ್ಕೆಯನ್ನೂ ಮೊಟ್ಟೆಯನ್ನೂ ಒಟ್ಟಿಗೇ ಬಿಟ್ಟು ಹೋಗುತ್ತದೆ. ನೆಲ ಉತ್ತು ಬಿಸಿಲಿಗೆ ತೆರೆದರೆ ಅವು ಸಾಯುತ್ತವೆ, ಬದುವಿನ ಹುಲ್ಲಿನಲ್ಲಿ ಉಳಿಯುತ್ತವೆ. ಊರ ಹಿಂಡುಗಳೆಲ್ಲ ಕೂಡಿ ಒಂದೇ ವಾರದಲ್ಲಿ ಕಣ್ಣುಪರೀಕ್ಷೆ ನಡೆಸಿದರೆ, ಯಾವ ವರ್ಷ ಯಾವ ಔಷಧವೆಂಬುದನ್ನು ಒಟ್ಟಾಗಿ ಗೊತ್ತುಪಡಿಸಿದರೆ, ನಾಯಿಗಳಿಗೂ ಸೇರಿಸಿ ಜಂತಿನ ಔಷಧ ಹಾಕಿಸಿದರೆ ಖರ್ಚು ಎಷ್ಟೋ ಇಳಿಯುತ್ತದೆ. ಒಬ್ಬೊಬ್ಬನೂ ತನ್ನ ಪಾಡಿಗೆ ತಾನು ಬಾಟಲಿ ಕೊಂಡು ತರುವುದರಲ್ಲಿ ಲಾಭ ಅಂಗಡಿಗೆ, ಉಳಿದದ್ದು ಹುಳುವಿಗೆ.

ಕೊಂಡ ಔಷಧ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ದೊಡ್ಡ ಪ್ರಯೋಗಾಲಯವೇನೂ ಬೇಕಾಗಿಲ್ಲ. ಔಷಧ ಕುಡಿಸುವ ದಿನ ಬೆಳಿಗ್ಗೆ ಹತ್ತು ಕುರಿಗಳ ಹಸಿ ಹಿಕ್ಕೆಯನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿ, ಬಿಸಿಲು ತಾಗಿಸದೆ, ಅದೇ ದಿನ ಪಶುವೈದ್ಯಾಲಯಕ್ಕೆ ಮುಟ್ಟಿಸಬೇಕು. ಅಲ್ಲಿ ಅದನ್ನು ಗಟ್ಟಿಯಾದ ಉಪ್ಪುನೀರಿನಲ್ಲಿ ಕಲಕುತ್ತಾರೆ, ಹಗುರಾದ ಮೊಟ್ಟೆಗಳು ಮೇಲೆ ತೇಲುತ್ತವೆ, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಹದಿನಾಲ್ಕು ದಿನ ಕಳೆದು ಅದೇ ಹತ್ತು ಕುರಿಗಳ ಹಿಕ್ಕೆಯನ್ನು ಮತ್ತೆ ಒಯ್ಯಬೇಕು. ಮೊಟ್ಟೆಗಳ ಸಂಖ್ಯೆ ನೂರಕ್ಕೆ ತೊಂಬತ್ತೈದರಷ್ಟಾದರೂ ಇಳಿದಿರಬೇಕು. ಇಳಿಯದಿದ್ದರೆ ಆ ಊರಿನ ಹುಳುಗಳಿಗೆ ಆ ಬಾಟಲಿ ಬರಿಯ ನೀರು; ವೈದ್ಯರು ಬೇರೊಂದು ವರ್ಗದ ಔಷಧವನ್ನು ಬರೆದುಕೊಡುತ್ತಾರೆ.